ಮೋಡ ಸೋಸುವ ಕಾಡಿನಲ್ಲಿ ಒಂದು ದಿನ

ಕುದುರೆಮುಖ ಶಿಖರ ಹತ್ತಬೇಕೆಂದರೆ ಈಗ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟುಬಿಟ್ಟರೆ ಆಗುವುದಿಲ್ಲ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ದಿನಕ್ಕೆ 300 ಮಂದಿಗಷ್ಟೇ ಅವಕಾಶ. ಜತೆಗೆ ಸ್ಥಳೀಯ ಗೈಡ್ ಇರಲೇಬೇಕು. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿದುಬಿಡಬೇಕು, ಮೇಲೆ ಟೆಂಟ್ ಹಾಕುವಂತಿಲ್ಲ. ವಾರಾಂತ್ಯದ ಟಿಕೆಟ್ ಸಿಗುವುದೆಂದರೆ ಹಬ್ಬದ ಹಿಂದಿನ ದಿನ ತತ್ಕಾಲ್‌ನಲ್ಲಿ ರೈಲು ಟಿಕೆಟ್ ಸಿಕ್ಕಷ್ಟೇ ಖುಷಿ.

ನಮ್ಮ ಕಾಲೇಜಿನ ನೇಚರ್ ಕ್ಲಬ್‌ನ 14 ಮಂದಿಗೆ ಅಕ್ಟೋಬರ್‌ನ ಒಂದು ಶನಿವಾರ ಆ ಅದೃಷ್ಟ ಒಲಿಯಿತು. ಐದನೇ ಸೆಮಿಸ್ಟರಿನ ಎರಡನೇ ಇಂಟರ್ನಲ್ಸ್ ಆಗಷ್ಟೇ ಮುಗಿದಿತ್ತು. ಹದಿನಾಲ್ವರಲ್ಲಿ ಸಿವಿಲ್ ಓದುವವರು ನಾನು ಸೇರಿ ಮೂವರು. ಉಳಿದವರೆಲ್ಲ ಕಂಪ್ಯೂಟರ್ ಸೈನ್ಸ್. ಅವರು ಹತ್ತುವ ಮೊದಲೇ ವಾಚ್‌ನಲ್ಲಿ ಹೆಜ್ಜೆ ಎಣಿಸಲು ಶುರು ಮಾಡಿದ್ದರು.

ಉಳಿದವರಿಗೆ ಇದು ಚಾರಣ. ನನಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ನಾನು ಹುಟ್ಟಿದ್ದು 2005ರಲ್ಲಿ, ಕುದುರೆಮುಖ ಟೌನ್‌ಶಿಪ್‌ನ ಆಸ್ಪತ್ರೆಯಲ್ಲಿ. ಅದೇ ವರ್ಷ ಡಿಸೆಂಬರ್ 31ಕ್ಕೆ ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಂತಿತು. ಅಪ್ಪ ಗಣಿಯ ನೌಕರರೇನೂ ಆಗಿರಲಿಲ್ಲ. ಟೈಲರ್. ನೌಕರರ ಸಮವಸ್ತ್ರ, ಅವರ ಮಕ್ಕಳ ಶಾಲೆಯ ಚಡ್ಡಿ-ಶರ್ಟು, ಆಯುಧಪೂಜೆಯ ಹೊತ್ತಿಗೆ ಹೊಸ ಪ್ಯಾಂಟು, ಹೀಗೆ ಎರಡು ಮಿಷನ್‌ಗೆ ಬಿಡುವಿಲ್ಲದ ಕೆಲಸ ಇತ್ತಂತೆ. ಗಣಿ ನಿಂತ ಮೇಲೆ ಒಂದೊಂದೇ ಕುಟುಂಬ ಕ್ವಾರ್ಟರ್ಸ್ ಖಾಲಿ ಮಾಡಿತು. ಅಳತೆ ಕೊಡಲು ಜನರೇ ಇಲ್ಲದ ಊರಿನಲ್ಲಿ ಟೈಲರ್ ಏನು ಮಾಡುತ್ತಾನೆ? 2007ರಲ್ಲಿ ನಾವು ಭದ್ರಾವತಿಗೆ ಬಂದೆವು. ಅಪ್ಪನ ಅಂಗಡಿ ಈಗಲೂ ಅಲ್ಲೇ ಇದೆ. ಹೊಲಿಗೆ ಕಡಿಮೆ, ರೆಡಿಮೇಡ್ ಪ್ಯಾಂಟಿನ ಉದ್ದ ಕತ್ತರಿಸುವುದು, ಜಿಪ್ ಹಾಕುವುದು, ಸೀರೆಗೆ ಫಾಲ್ಸ್ ಹಚ್ಚುವುದೇ ಹೆಚ್ಚು.

ಅಪ್ಪ ಯಾರನ್ನೂ ದೂರುವವರಲ್ಲ. ಆದರೆ ಟಿ.ವಿ.ಯಲ್ಲಿ ಪಶ್ಚಿಮ ಘಟ್ಟದ ಸುದ್ದಿ ಬಂದಾಗ ಒಂದು ಮಾತು ಹೇಳುತ್ತಾರೆ: ‘ಕಾಡು ಉಳೀತು, ಊರು ಹೋಯ್ತು.’ ಬಾಲ್ಯದಿಂದ ಕೇಳುತ್ತಾ ಬಂದ ಮಾತು. ಹೋದ ಊರಿನ ಫೋಟೊಗಳು ಮನೆಯ ಆಲ್ಬಂನಲ್ಲಿವೆ. ಉಳಿದ ಕಾಡು ಹೇಗಿದೆ ಎಂದು ನೋಡುವ ಆಸೆ ನನ್ನದಾಗಿತ್ತು.

ಕರಾವಳಿಯಿಂದ ಹೊರಟ ನಮ್ಮ ಟೆಂಪೊ ಟ್ರಾವೆಲರ್ ಕಾರ್ಕಳ ದಾಟಿ ಘಾಟಿ ಹತ್ತಿ, ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ ಟೌನ್‌ಶಿಪ್ ತಲುಪಿತು. ಮಲ್ಲೇಶ್ವರ ಎಂದೂ ಅದಕ್ಕೆ ಹೆಸರು. ಚಹಾಕ್ಕೆಂದು ನಿಲ್ಲಿಸಿದಾಗ ಹತ್ತು ನಿಮಿಷ ಓಡಾಡಿದೆ. ಅಗಲವಾದ ರಸ್ತೆಗಳು, ಸಾಲು ಸಾಲು ಕ್ವಾರ್ಟರ್ಸ್. ಹಲವು ಮನೆಗಳ ಗೋಡೆಯ ಮೇಲೆ ಪಾಚಿ, ಕಿಟಕಿಯೊಳಗಿಂದ ಹೊರಬಂದ ಬಳ್ಳಿ. ಜನ ಇಲ್ಲವೇ ಇಲ್ಲ ಎಂದಲ್ಲ, ಕೆಲವು ಮನೆಗಳಲ್ಲಿ ಬಟ್ಟೆ ಒಣಗುತ್ತಿತ್ತು. ಒಂದು ಊರನ್ನು ಪ್ಲಾನ್ ಮಾಡಿ ಕಟ್ಟುವುದು ಹೇಗೆ ಎಂದು ನಾವು ಮೂರು ವರ್ಷ ಓದುತ್ತೇವೆ. ಮುಗಿದುಹೋದ ಊರನ್ನು ಏನು ಮಾಡಬೇಕೆಂಬುದಕ್ಕೆ ನಮ್ಮ ಸಿಲಬಸ್‌ನಲ್ಲಿ ಅರ್ಧ ಪುಟವೂ ಇಲ್ಲ.

ಓದುಗ ಮಿತ್ರರಲ್ಲಿ ಎಷ್ಟು ಮಂದಿಗೆ ಈ ಗಣಿಯ ಕಥೆ ಗೊತ್ತೋ ತಿಳಿಯದು. ನಾವೆಲ್ಲ ಹುಟ್ಟುವ ಹೊತ್ತಿಗೆ ಅದು ಮುಗಿಯುತ್ತಾ ಬಂದಿತ್ತು. ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾದದ್ದು 1976ರಲ್ಲಿ. ಇರಾನ್ ದೇಶ ಬಂಡವಾಳಕ್ಕೆ ಸಾಲ ಕೊಟ್ಟು, ಅದಿರನ್ನೂ ತಾನೇ ಕೊಳ್ಳುವ ಒಪ್ಪಂದವಾಗಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಆ ಲೆಕ್ಕಾಚಾರ ತಲೆಕೆಳಗಾಯಿತು. ಆದರೂ ಗಣಿ ನಡೆಯಿತು. ಇಲ್ಲಿನದು ಕಬ್ಬಿಣದ ಅಂಶ ಕಡಿಮೆ ಇರುವ ಮ್ಯಾಗ್ನಟೈಟ್ ಅದಿರು. ಅದನ್ನು ಪುಡಿ ಮಾಡಿ, ಕಬ್ಬಿಣದ ಅಂಶ ಬೇರ್ಪಡಿಸಿ, ನೀರಿನಲ್ಲಿ ಕಲಸಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಇಳಿಸುತ್ತಿದ್ದರು. ಘಟ್ಟದ ಎತ್ತರವನ್ನೇ ದುಡಿಸಿಕೊಂಡ ಕೊಳವೆ ಅದು. ಉಳಿದ ಹೂಳನ್ನು ಹಿಡಿದಿಡಲು ಲಕ್ಯಾ ಹಳ್ಳಕ್ಕೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ ಇವತ್ತಿಗೂ ಬೆರಗಾಗುವ ಕೆಲಸ. ಹಾಗೆ ಹೇಳಲು ನನಗೆ ಸಂಕೋಚವೇನಿಲ್ಲ.

ಇನ್ನೊಂದು ಕಡೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಇಲ್ಲಿನ ಸಿಂಗಳೀಕಗಳ ಸಮೀಕ್ಷೆ ನಡೆಸಿದ್ದರು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಕೋತಿ ಅದು. ಅಂಥ ಅಧ್ಯಯನದ ಬಲದಿಂದ 1987ರಲ್ಲಿ ಸುಮಾರು 600 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನವಾಯಿತು. ಗಣಿ ಮತ್ತು ಉದ್ಯಾನ ಅಕ್ಕಪಕ್ಕ ಇದ್ದಷ್ಟು ದಿನವೂ ಜಗಳ ಇತ್ತು. ಭದ್ರೆಗೆ ಸೇರುವ ಹೂಳು ಆ ಜಗಳದ ಮುಖ್ಯ ವಿಷಯ. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟು, 2005ರ ಕೊನೆಗೆ ಗಣಿಗಾರಿಕೆ ಮುಗಿಸಲು ಹೇಳಿತು. ಮುಂದಿನದು ನಮ್ಮ ಮನೆಯ ಕಥೆ, ಆಗಲೇ ಹೇಳಿದೆ.

ಸಂಸೆಯ ಹೋಂಸ್ಟೇಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಆರಕ್ಕೆ ಕಡುಬು-ಚಟ್ನಿ ತಿಂದು ಜೀಪ್ ಹತ್ತಿದೆವು. ಮುಳ್ಳೋಡಿಗೆ ಹೋಗುವ ದಾರಿಯನ್ನು ರಸ್ತೆ ಎಂದು ಕರೆದರೆ ನಮ್ಮ ಹೈವೇ ಎಂಜಿನಿಯರಿಂಗ್ ಮೇಷ್ಟ್ರು ಬೇಸರ ಮಾಡಿಕೊಂಡಾರು. ಅಲ್ಲಿ ಗುರುತಿನ ಚೀಟಿ ನೋಡಿ, ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ಲೆಕ್ಕ ಹಾಕಿದರು. ಒಬ್ಬನ ಬ್ಯಾಗಿನಿಂದ ಒಂಬತ್ತು ಚಿಪ್ಸ್ ಪ್ಯಾಕೆಟ್ ಹೊರಬಂದವು. ಅಲ್ಲೇ ನಿಂತು ಎಲ್ಲರೂ ಹಂಚಿಕೊಂಡು ತಿಂದೆವು.

ನಮ್ಮ ಗೈಡ್ ಮುಳ್ಳೋಡಿಯವರೇ. ನಲವತ್ತೈದರ ಆಸುಪಾಸು, ತೆಳ್ಳನೆಯ ಮೈ, ಕಾಲಿಗೆ ಹವಾಯಿ ಚಪ್ಪಲಿ. ಮೂರು ಸಾವಿರದ ಟ್ರೆಕ್ಕಿಂಗ್ ಶೂ ಹಾಕಿಕೊಂಡ ನಾವು ಆ ಚಪ್ಪಲಿಯನ್ನು ಇಡೀ ದಿನ ಹಿಂಬಾಲಿಸಿದೆವು. ಮಲೆಕುಡಿಯ ಸಮುದಾಯದವರು. ‘ಅಜ್ಜನ ಅಜ್ಜನೂ ಇಲ್ಲೇ ಮಾರ್ರೆ’ ಎಂದು ತಮ್ಮ ಪರಿಚಯ ಹೇಳಿಕೊಂಡರು. ನಾವು ಅವರನ್ನು ಅಣ್ಣ ಎಂದೇ ಕರೆದೆವು. ಮೊದಲ ಪಾಠ ಇಂಬಳದ್ದು. ಉಪ್ಪು, ಸುಣ್ಣ, ಹೊಗೆಸೊಪ್ಪು ಕಟ್ಟಿದ ಪುಟ್ಟ ಗಂಟನ್ನು ನೀರಲ್ಲಿ ಅದ್ದಿ ಶೂ ಸುತ್ತ ಒರೆಸಿದರು. ‘ಹತ್ತಿದ್ರೆ ಕೀಳ್ಬೇಡಿ, ಹೊಟ್ಟೆ ತುಂಬಿದ್ರೆ ಅದೇ ಬೀಳ್ತದೆ’ ಎಂದರು. ಆ ಸಲಹೆ ಪಾಲಿಸುವಷ್ಟು ತಾಳ್ಮೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಶಿಖರ ಸುಮಾರು 1,890 ಮೀಟರ್ ಎತ್ತರದಲ್ಲಿದೆ. ಹೋಗಿ ಬರಲು ಇಪ್ಪತ್ತು ಕಿ.ಮೀ. ಹತ್ತಿರ ನಡಿಗೆ. ಮೊದಲ ಒಂದು ಗಂಟೆ ಗದ್ದೆಬದು, ಹಳ್ಳ, ಬಯಲು. ಒಂಟಿಮರ ಎಂದು ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಮರದ ಹತ್ತಿರ ಬಂದಾಗಲೂ ಬಿಸಿಲಿತ್ತು. ಅದಾದ ಮೇಲೆ ದಾರಿ ಎರಡು ಗುಡ್ಡಗಳ ನಡುವಿನ ಕಾಡಿಗೆ ನುಗ್ಗಿತು. ಹೊರಗಿನಿಂದ ನೋಡಿದರೆ ಅದು ದೊಡ್ಡ ಕಾಡಲ್ಲ. ಬರೀ ಹುಲ್ಲಿನ ಗುಡ್ಡಗಳ ಮಡಿಕೆಯಲ್ಲಿ ಯಾರೋ ಕಡುಹಸಿರು ಬಟ್ಟೆ ತುರುಕಿದ ಹಾಗೆ. ಇದೇ ಶೋಲಾ.

ಒಳಗೆ ಕಾಲಿಟ್ಟ ತಕ್ಷಣ ಮೊದಲು ಬದಲಾಗುವುದು ಸದ್ದು. ಹೊರಗೆ ಕಿವಿ ತುಂಬುತ್ತಿದ್ದ ಗಾಳಿ ಸ್ವಿಚ್ ಆಫ್ ಮಾಡಿದಂತೆ ನಿಂತಿತು. ಮರಗಳು ಬಯಲುಸೀಮೆಯ ಮಾವು-ಹುಣಸೆಯಂತೆ ಚಾಚಿಕೊಂಡಿಲ್ಲ. ಗಿಡ್ಡ, ಗಂಟುಗಂಟು, ತಲೆ ಚಪ್ಪಟೆ. ಗಾಳಿಯ ಜತೆ ವರ್ಷಾನುಗಟ್ಟಲೆ ಕುಸ್ತಿ ಆಡಿದ ಮೈಕಟ್ಟು. ಒಂದೇ ಒಂದು ಕೊಂಬೆಯೂ ಬರಿಮೈಯಲ್ಲಿ ಇರಲಿಲ್ಲ. ಪಾಚಿ, ಅದರ ಮೇಲೆ ಜರಿಗಿಡ, ಅದರ ಸಂದಿಯಲ್ಲಿ ಸೀತಾಳೆ, ತುದಿಯಿಂದ ಜೋತುಬಿದ್ದ ಬೂದುಬಣ್ಣದ ಗಡ್ಡದಂಥ ಕಲ್ಲುಹೂವಿನ ಜಾತಿ. ಒಂದು ಮರ ಎಂದು ನೋಡಿದರೆ ಅದರಲ್ಲಿ ನಲವತ್ತು ಬಾಡಿಗೆದಾರರು.

ಅಷ್ಟರಲ್ಲಿ ಮೋಡ ಬಂತು. ಮೋಡ ಬಂತು ಎಂದರೆ ನಾವು ತಲೆಯೆತ್ತಿ ಆಕಾಶ ನೋಡುವ ಅರ್ಥದಲ್ಲಲ್ಲ. ಮರಗಳ ನಡುವಿನಿಂದ, ನಮ್ಮ ಎದೆಯ ಮಟ್ಟದಲ್ಲಿ, ಮೇಷ್ಟ್ರು ಕ್ಲಾಸಿಗೆ ಬಂದ ಹಾಗೆ ನೇರ ಒಳಗೆ ಬಂತು. ಮಳೆ ಇಲ್ಲ. ಆದರೆ ಎರಡು ನಿಮಿಷದಲ್ಲಿ ತಲೆಯ ಮೇಲೆ ಟಪ್ ಟಪ್ ಹನಿ. ಛತ್ರಿ ಬಿಡಿಸಲು ಹೊರಟ ಗೆಳತಿಗೆ ಅಣ್ಣ ಹೇಳಿದರು: ‘ಮಳೆ ಅಲ್ಲ ಅದು. ಮರ ನೀರು ಹಿಡೀತಾ ಇದೆ.’

ಸಿವಿಲ್‌ನ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಸೆಮಿಸ್ಟರಿನಲ್ಲಿ ಹೈಡ್ರಾಲಜಿ ಓದುತ್ತಿದ್ದೇವೆ. ಮಳೆ ಬೀಳುತ್ತದೆ, ಒಂದಷ್ಟು ಇಂಗುತ್ತದೆ, ಒಂದಷ್ಟು ಹರಿಯುತ್ತದೆ, ಒಂದಷ್ಟು ಆವಿಯಾಗುತ್ತದೆ. ಲೆಕ್ಕದಲ್ಲಿ ಮರದ ಪಾತ್ರ ಖರ್ಚಿನ ಕಡೆಗೆ. ಎಲೆಯ ಮೇಲೆ ನಿಂತ ನೀರು ನೆಲಕ್ಕೆ ಬರುವುದಿಲ್ಲ, ಆದ್ದರಿಂದ ಕಳೆಯಬೇಕು. ಇಲ್ಲಿ ಮರ ಜಮೆಯ ಕಡೆಗೆ ನಿಂತಿತ್ತು.

ನಡೆಯುವುದು ಇಷ್ಟೆ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಮೇಲೇರಿದಂತೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ಪ್ರತಿ ಕಿಲೊಮೀಟರಿಗೆ ಹತ್ತು ಡಿಗ್ರಿಯಷ್ಟು ತಣಿಯುತ್ತದೆ. ಒಂದು ಎತ್ತರದಲ್ಲಿ ತೇವವನ್ನು ಆವಿಯಾಗಿ ಹಿಡಿದಿಡಲು ಆಗದೆ ಅದು ಸಣ್ಣ ಹನಿಗಳಾಗುತ್ತದೆ. ಅದೇ ಮೋಡ. ಒಂದೊಂದು ಹನಿ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ದಪ್ಪ. ತಾನಾಗಿ ನೆಲಕ್ಕೆ ಬೀಳುವಷ್ಟು ತೂಕವಿಲ್ಲ, ಗಾಳಿ ಕರೆದತ್ತ ಹೋಗುತ್ತಿರುತ್ತದೆ. ದಾರಿಯಲ್ಲಿ ಎಲೆ, ಪಾಚಿಯ ಎಳೆ ಸಿಕ್ಕಿದರೆ ಅಂಟಿಕೊಳ್ಳುತ್ತದೆ. ಇನ್ನೊಂದು ಬಂದು ಅದಕ್ಕೆ ಸೇರುತ್ತದೆ. ಭಾರವಾದ ಮೇಲೆ ತೊಟ್ಟಿಕ್ಕುತ್ತದೆ. ಬಯಲಿನಲ್ಲಿ ಇಟ್ಟ ಮಳೆಮಾಪಕಕ್ಕೆ ಈ ನೀರಿನ ಸುಳಿವೇ ಸಿಗದು, ಏಕೆಂದರೆ ಅದರ ಮೇಲೆ ಎಲೆ ಇಲ್ಲ.

ಕೆಳಗೆ ಕೈ ಹಾಕಿ ನೋಡಿ ಎಂದರು ಅಣ್ಣ. ಮಣ್ಣು ಎಂದು ಬೆರಳಿಟ್ಟರೆ ಮಣಿಕಟ್ಟಿನವರೆಗೆ ಹೋಯಿತು. ಕೊಳೆತ ಎಲೆ, ಬೇರು, ಕಪ್ಪು ಹುಡಿ. ಹಿಂಡಿದರೆ ನೀರು. ಕಾಡಿನ ಕೆಳತುದಿಯಲ್ಲಿ ಬೆರಳ ದಪ್ಪದ ಒಂದು ಒರತೆ ಕಲ್ಲಿನ ಸಂದಿಯಿಂದ ಇಳಿಯುತ್ತಿತ್ತು. ಬಾಟಲಿ ತುಂಬಿಸಿಕೊಳ್ಳುತ್ತಾ ‘ಬೇಸಿಗೆಯಲ್ಲಿ ಬತ್ತುತ್ತಾ ಅಣ್ಣಾ?’ ಎಂದೆ. ‘ಏಪ್ರಿಲ್‌ನಲ್ಲಿ ಸಣ್ಣ ಆಗ್ತದೆ, ನಿಲ್ಲೋದಿಲ್ಲ. ನಾ ಕಂಡ ಹಾಗೆ ನಿಂತಿಲ್ಲ’ ಎಂದರು. ಇಂಥ ಒರತೆಗಳು ಸೇರಿ ಹಳ್ಳ, ಹಳ್ಳ ಸೇರಿ ಹೊಳೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಭದ್ರಾವತಿಯ ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಭದ್ರೆಯ ನೀರು. ಅಂಗಡಿಯಲ್ಲಿ ಅಪ್ಪ ಇಸ್ತ್ರಿ ಮಾಡುವ ಮುಂಚೆ ಬಟ್ಟೆಗೆ ಚಿಮುಕಿಸುವುದೂ ಅದೇ.

ಕಾಡಿನಿಂದ ಹೊರಬಂದರೆ ಮತ್ತೆ ಹುಲ್ಲುಗಾವಲು, ಮತ್ತೆ ಕಿವಿ ಕೊರೆಯುವ ಗಾಳಿ. ಕಾಡು ಮತ್ತು ಹುಲ್ಲಿನ ನಡುವೆ ಚಾಕುವಿನಿಂದ ಕೊಯ್ದಂಥ ಗೆರೆ. ‘ಇಲ್ಲೆಲ್ಲ ಮರ ಕಡಿದು ಬೋಳು ಮಾಡಿದ್ದಾರಾ?’ ಎಂದು ಒಬ್ಬ ಕೇಳಿದ. ಬಹಳ ಮಂದಿ ಕೇಳುವ ಪ್ರಶ್ನೆ. ಬ್ರಿಟಿಷರೂ ನೀಲಗಿರಿಯಲ್ಲಿ ಹುಲ್ಲನ್ನು ನೋಡಿ ಹಾಗೆಯೇ ಭಾವಿಸಿದರು. ಖಾಲಿ ಜಾಗವೆಂದು ನೀಲಗಿರಿ ಮರ, ವಾಟಲ್ ನೆಟ್ಟರು. ನೆಡುತೋಪು ಬೆಳೆಯಿತು, ಹುಲ್ಲುಗಾವಲು ಹೋಯಿತು. ಕುದುರೆಮುಖದಲ್ಲೂ ಟೌನ್‌ಶಿಪ್ ಸುತ್ತ ಹೊರಗಿನ ಜಾತಿಯ ಮರಗಳ ತೋಪು ಕಾಣುತ್ತದೆ.

ಈ ಹುಲ್ಲು ಎಷ್ಟು ಹಳೆಯದೆಂದು ಪತ್ತೆ ಮಾಡಿದ ವಿಧಾನ ನನಗೆ ತುಂಬಾ ಇಷ್ಟ. ನೀಲಗಿರಿಯ ಜೌಗಿನಲ್ಲಿ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಕೂತ ಸಸ್ಯಶೇಷದ ಮಣ್ಣನ್ನು ತೆಗೆದು, ಅದರ ಇಂಗಾಲದ ಎರಡು ಐಸೊಟೋಪ್‌ಗಳ ಅನುಪಾತ ಅಳೆದರು. ಈ ಬಿಸಿನಾಡಿನ ಹುಲ್ಲು ಮತ್ತು ಕಾಡುಮರ ಗಾಳಿಯಿಂದ ಇಂಗಾಲ ಹೀರುವ ಬಗೆ ಬೇರೆ ಬೇರೆ, ಹಾಗಾಗಿ ಅವು ಬಿಟ್ಟುಹೋಗುವ ಗುರುತೂ ಬೇರೆ. ಆರ್. ಸುಕುಮಾರ್ ಮತ್ತು ಜತೆಗಾರರ ಈ ಅಧ್ಯಯನ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಸುಮಾರು 20 ಸಾವಿರ ವರ್ಷಗಳ ಹಿಂದಿನ ಪದರದಲ್ಲೂ ಹುಲ್ಲಿನ ಗುರುತಿತ್ತು. ಕೊಡಲಿಯಿಂದ ಕಾಡು ಸವರುವ ಮನುಷ್ಯ ಬರುವ ಎಷ್ಟೋ ಮೊದಲೇ ಅಲ್ಲಿ ಹುಲ್ಲಿತ್ತು. ಗಾಳಿ, ತೆಳು ಮಣ್ಣು, ಬೆಂಕಿ, ನೀಲಗಿರಿಯಂಥ ಕಡೆ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಇಬ್ಬನಿ, ಇವೆಲ್ಲ ಸಸಿಗಳನ್ನು ಮಡಿಕೆಯಿಂದ ಹೊರಗೆ ಬರಲು ಬಿಡುವುದಿಲ್ಲ. ನಮ್ಮ ಸರ್ವೇ ನಕ್ಷೆಗಳಲ್ಲಿ ಮರವಿಲ್ಲದ ಜಾಗ ಬೇಗ ‘ಖಾಲಿ’ ಆಗಿಬಿಡುತ್ತದೆ. ಮುಂದೆ ಟೋಟಲ್ ಸ್ಟೇಷನ್ ಹಿಡಿಯುವವರು ಇದೊಂದು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಎರಡನೇ ಶೋಲಾದೊಳಗೆ ಟಿಕ್... ಟಿಕ್... ಎಂಬ ಸದ್ದು. ಅಣ್ಣ ಬಾಯಿಗೆ ಬೆರಳಿಟ್ಟು ಒಂದು ಎಲೆ ಮಡಚಿ ತೋರಿಸಿದರು. ಹೆಬ್ಬೆರಳ ಉಗುರಿನಷ್ಟು ಕಪ್ಪೆ. ಪೊದೆಗಪ್ಪೆ ಎಂದು ಕರೆಯುವ ಈ ಗುಂಪಿನ ಕಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಡೆದು ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಕೆರೆ-ಹೊಂಡದ ಹಂಗಿಲ್ಲ. ಆದರೆ ಎಲೆಯ ಮೇಲಿನ ತೇವ ಒಂದು ವಾರ ತಪ್ಪಿದರೂ ಮೊಟ್ಟೆ ಒಣಗಿಹೋಗುತ್ತದೆ. ಮೋಡ ದಿನಾ ಬರುತ್ತದೆಂದು ನಂಬಿ ಸಂಸಾರ ಹೂಡಿದ ಜೀವಿ!

ಹಾಗೆ ನಂಬಿದ ಇನ್ನೊಂದು ಕಪ್ಪೆಯ ಕಥೆ ನಿಮಗೆ ಹೇಳಬೇಕು. ಕೋಸ್ಟರಿಕದ ಮಾಂಟೆವೆರ್ಡೆ ಜಗತ್ತಿನ ಹೆಸರಾಂತ ಮೋಡಗಾಡು. ಅಲ್ಲಿನ ಒಂದು ಬೆಟ್ಟದ ಏಣಿನಲ್ಲಿ ಮಾತ್ರ ಹೊಳೆಯುವ ಕಿತ್ತಳೆ ಬಣ್ಣದ ‘ಚಿನ್ನದ ಕಪ್ಪೆ’ ಇತ್ತು. 1987ರಲ್ಲಿ, ಅಂದರೆ ಇಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ವರ್ಷ, ಅಲ್ಲಿ 1,500ಕ್ಕೂ ಹೆಚ್ಚು ಕಪ್ಪೆಗಳು ಕಂಡಿದ್ದವು. 1989ರಲ್ಲಿ ಕಂಡದ್ದು ಒಂದೇ ಒಂದು. ಆಮೇಲೆ ಯಾರೂ ನೋಡಿಲ್ಲ. 2004ರಲ್ಲಿ ಅದನ್ನು ಅಳಿದ ಜೀವಿಗಳ ಪಟ್ಟಿಗೆ ಸೇರಿಸಿದರು. ಚರ್ಮಕ್ಕೆ ತಗಲುವ ಶಿಲೀಂಧ್ರ ಕಾರಣವೆಂದು ಕೆಲವರು, ಆ ವರ್ಷಗಳ ಒಣಹವೆ ಎಂದು ಕೆಲವರು, ಎರಡೂ ಸೇರಿ ಎಂದು ಮತ್ತೆ ಕೆಲವರು. ಒಂದು ಮಾತು ಮಾತ್ರ ಗಮನಿಸಿ: ಅದು ಕಾವಲಿದ್ದ, ಬೇಲಿಯಿದ್ದ, ಮರ ಕಡಿಯದ ಕಾಡಿನಿಂದಲೇ ಹೋಯಿತು. ಮರ ಕಾಯಲು ಗಾರ್ಡ್ ನೇಮಿಸಬಹುದು. ಮೋಡ ಕಾಯಲು ಯಾರನ್ನು ನೇಮಿಸುವುದು?

ಶಿಖರ ಮುಟ್ಟಿದಾಗ ಹನ್ನೆರಡೂವರೆ. ಸುತ್ತ ಬಿಳಿ. ಐದು ಅಡಿ ಆಚೆ ನಿಂತವನ ಮುಖ ಕಾಣುತ್ತಿರಲಿಲ್ಲ. ‘ಇಷ್ಟು ಹತ್ತಿದ್ದಕ್ಕೆ ವ್ಯೂ ಇಲ್ವಾ?’ ಎಂದು ಒಬ್ಬನ ಗೋಳು. ‘ನೀವು ಮೋಡದ ಒಳಗೇ ಕೂತಿದ್ದೀರಲ್ಲ, ಇನ್ನೇನು ವ್ಯೂ ಬೇಕು?’ ಎಂದು ಅಣ್ಣ ನಕ್ಕರು. ಕಟ್ಟಿಕೊಂಡು ಬಂದಿದ್ದ ಪುಳಿಯೋಗರೆ ಬಿಚ್ಚಿದೆವು. ಒಂದು ಗಳಿಗೆ ಪರದೆ ಸರಿದು ಪಶ್ಚಿಮದ ಕಡೆ ಕಡಿದಾದ ಇಳಿಜಾರು, ಬಹಳ ಕೆಳಗೆ ಕರಾವಳಿಯ ಹಸಿರು ಕಾಣಿಸಿತು. ಎಲ್ಲರೂ ಮೊಬೈಲ್ ತೆಗೆಯುವಷ್ಟರಲ್ಲಿ ಮತ್ತೆ ಬಿಳಿ.

ಆ ಬಿಳಿಯಲ್ಲಿ ಕೂತು ಅಣ್ಣನ ಜತೆ ಮಾತಾಡಿದ್ದು ನನಗೆ ಆ ದಿನದ ದೊಡ್ಡ ಲಾಭ. ನಾನು ಟೌನ್‌ಶಿಪ್‌ನಲ್ಲಿ ಹುಟ್ಟಿದವನು, ಅಪ್ಪ ಟೈಲರ್ ಆಗಿದ್ದರು ಎಂದೆ. ಅವರಿಗೆ ಖುಷಿಯಾಯಿತು. ‘ನನ್ನ ಅಣ್ಣನೂ ಗಣಿ ಕಡೆ ಕೂಲಿಗೆ ಹೋಗ್ತಿದ್ದ. ವಾರಕ್ಕೆ ಒಂದ್ಸಲ ಸಿನಿಮಾ ನೋಡಿ ಬರ್ತಿದ್ದ. ನಮಗೆ ಪೇಟೆ ಅಂದ್ರೆ ಅದೇ’ ಎಂದರು. ಗಣಿ ನಿಂತದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹೊಳೆಗೆ ಒಳ್ಳೇದಾಯ್ತು. ಅಣ್ಣನಿಗೆ ಕಷ್ಟ ಆಯ್ತು. ಎರಡನ್ನೂ ಒಟ್ಟಿಗೆ ಹೇಳ್ಬೇಕು, ಒಂದನ್ನೇ ಹೇಳಿದ್ರೆ ಸುಳ್ಳಾಗ್ತದೆ’ ಎಂದರು.

ಅವರ ಅಣ್ಣ ಈಗ ಊರಲ್ಲಿಲ್ಲ. ಉದ್ಯಾನದೊಳಗಿನ ಕುಟುಂಬಗಳು ಒಪ್ಪಿದರೆ ಪರಿಹಾರ ಪಡೆದು ಹೊರಗೆ ಹೋಗುವ ಪುನರ್ವಸತಿ ಯೋಜನೆಯಿದೆ. ಅಣ್ಣ ಒಪ್ಪಿದರು, ತಮ್ಮ ಉಳಿದರು. ಗೈಡ್ ಕೆಲಸದಿಂದ ವರ್ಷದಲ್ಲಿ ಏಳೆಂಟು ತಿಂಗಳು ಕೈಗೆ ಕಾಸು, ಮಳೆಗಾಲದಲ್ಲಿ ಚಾರಣ ಬಂದ್ ಆದರೆ ಅಡಿಕೆ, ಕಾಳುಮೆಣಸು. ಆಸ್ಪತ್ರೆಗೆ ಹೋಗಬೇಕೆಂದರೆ ನಾವು ಬೆಳಿಗ್ಗೆ ಬಂದ ಅದೇ ಜೀಪ್ ದಾರಿ. ಕಾಡು ಉಳಿಯಿತು ಎಂದು ಭದ್ರಾವತಿಯ ಅಂಗಡಿಯಲ್ಲಿ ಅಪ್ಪ ಹೇಳುವಾಗ ಆ ಕಾಡಿನೊಳಗೆ ಉಳಿದ ಜನರ ಲೆಕ್ಕ ಇರುವುದಿಲ್ಲ. ಇದನ್ನು ಅಪ್ಪನಿಗೆ ಹೇಳಬೇಕೆಂದುಕೊಂಡೆ, ಹೇಳಿದ್ದೇನೆ ಕೂಡ. ‘ಹೌದಾ, ಮುಳ್ಳೋಡಿಯಿಂದ ನಮ್ಮಂಗಡಿಗೂ ಬರ್ತಿದ್ರು’ ಎಂದು ಎರಡು ಹೆಸರು ನೆನಪು ಮಾಡಿಕೊಂಡರು.

ನಮ್ಮ ವಯಸ್ಸಿನವರಿಗೆ ಇದು ಬರೀ ಹಳೆಯ ಕಥೆಯಲ್ಲ. ಮುಂದಿನ ವರ್ಷ ಪ್ಲೇಸ್‌ಮೆಂಟ್. ನಮ್ಮ ಸೀನಿಯರ್ ಒಬ್ಬರು ಗಣಿ ಕಂಪನಿಯೊಂದರಲ್ಲಿ ಒಳ್ಳೆಯ ಪ್ಯಾಕೇಜಿಗೆ ಸೇರಿದ್ದಾರೆ, ಹೂಳು ತುಂಬುವ ಅಣೆಕಟ್ಟಿನ ಕೆಲಸ. ನನಗೂ ಅಲ್ಲಿಗೆ ಇಂಟರ್ನ್‌ಶಿಪ್ ಅರ್ಜಿ ಹಾಕು ಎಂದಿದ್ದಾರೆ. ಗಣಿ ಎಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಹಿಡಿದ ಮೊಬೈಲೂ, ಓಡಿಸುವ ಬೈಕೂ ಯಾವುದೋ ಬೆಟ್ಟದಿಂದಲೇ ಬಂದದ್ದು. ಅದೇ ಹೊತ್ತಿಗೆ, ಎಲ್ಲ ಬೆಟ್ಟವೂ ಒಂದೇ ಅಲ್ಲ ಎಂಬುದೂ ಅಂದು ಕಾಲಿನ ಕೆಳಗೆ ಗೊತ್ತಾಯಿತು. ಅದಿರು ಇಲ್ಲದಿದ್ದರೆ ಇನ್ನೊಂದು ಕಡೆ ಹುಡುಕಬಹುದು. ಮೋಡ ಸೋಸಿ ಏಪ್ರಿಲ್‌ವರೆಗೆ ನೀರು ಬಿಡುವ ಆ ಕಪ್ಪು ಹುಡಿಯನ್ನು ಕಾಂಕ್ರೀಟ್ ಮಿಕ್ಸರಿನಲ್ಲಿ ತಯಾರಿಸುವ ವಿದ್ಯೆ ನಮ್ಮ ಬಳಿ ಇಲ್ಲ.

ಮೋಡದಿಂದ ನೀರು ಹಿಡಿಯುವುದನ್ನು ಮನುಷ್ಯರೂ ಮಾಡಿ ನೋಡಿದ್ದಾರೆ. ಚಿಲಿ ದೇಶದ ಉತ್ತರ ಕರಾವಳಿಯಲ್ಲಿ ಚುಂಗುಂಗೊ ಎಂಬ ಮೀನುಗಾರರ ಹಳ್ಳಿಯಿದೆ. ಮಳೆ ಇಲ್ಲವೆನ್ನುವಷ್ಟು ಕಡಿಮೆ, ಟ್ಯಾಂಕರ್ ನೀರೇ ಗತಿ. ಹಳ್ಳಿಯ ಮೇಲಿನ ಎಲ್ ಟೋಫೊ ಬೆಟ್ಟಕ್ಕೆ ಮಾತ್ರ ಸಮುದ್ರದ ಮಂಜು ಬಡಿಯುತ್ತಿತ್ತು. ಅಲ್ಲಿ ಎರಡು ಕಂಬಗಳ ನಡುವೆ ಕಟ್ಟಿದ ದೊಡ್ಡ ದೊಡ್ಡ ಬಲೆಗಳನ್ನು ನಿಲ್ಲಿಸಿದರು. 1990ರ ದಶಕದಲ್ಲಿ ಸುಮಾರು ನೂರು ಬಲೆಗಳಿಂದ ದಿನಕ್ಕೆ ಸರಾಸರಿ 15 ಸಾವಿರ ಲೀಟರ್ ನೀರು ಕೊಳವೆಯಲ್ಲಿ ಹಳ್ಳಿಗೆ ಇಳಿಯಿತು. ನಿರ್ವಹಣೆ ತಪ್ಪಿ ಮುಂದೆ ಆ ಬಲೆಗಳು ಹಾಳಾದವು. ವಿಶೇಷವೆಂದರೆ ಎಲ್ ಟೋಫೊ ಕೂಡ ಮುಚ್ಚಿಹೋದ ಕಬ್ಬಿಣದ ಗಣಿಯೇ. ಕುದುರೆಮುಖದಲ್ಲಿ ಬಲೆಯ ಅಗತ್ಯವಿಲ್ಲ, ನಿರ್ವಹಣೆಯ ಖರ್ಚಿಲ್ಲದ ಬಲೆ ಮಡಿಕೆ ಮಡಿಕೆಯಲ್ಲೂ ನಿಂತಿದೆ. ಆದರೆ ಅದು ಎಷ್ಟು ಹಿಡಿಯುತ್ತದೆಂದು ಅಳೆಯಬಹುದಲ್ಲ?

ಈ ಯೋಚನೆ ಇಳಿಯುವ ದಾರಿಯಲ್ಲಿ ಬಂತು. ಮಂಜು ಅಳೆಯಲು ಒಂದು ಚದರ ಮೀಟರ್ ಬಲೆಯ ಸರಳ ಉಪಕರಣವಿದೆ. ಚೌಕಟ್ಟು, ನೆರಳುಪರದೆಯಂಥ ಬಲೆ, ಕೆಳಗೆ ದೋಣಿ, ಕೊಳವೆ, ಡಬ್ಬ. ಪಕ್ಕದಲ್ಲಿ ಒಂದು ಮಾಮೂಲಿ ಮಳೆಮಾಪಕ. ಎರಡರ ವ್ಯತ್ಯಾಸ ಬರೆಯುತ್ತಾ ಹೋದರೆ ಸಾಕು. ಜನವರಿಯಿಂದ ಮೇವರೆಗೆ ಮಳೆಯಿಲ್ಲದ ತಿಂಗಳುಗಳಲ್ಲಿ ಮೋಡ ಎಷ್ಟು ನೀರು ತರುತ್ತದೆಂದು ಒಂದು ಅಂದಾಜು ಸಿಗುತ್ತದೆ. ಸಿವಿಲ್‌ನ ಮೂವರೂ ಇದನ್ನೇ ಫೈನಲ್ ಇಯರ್ ಪ್ರಾಜೆಕ್ಟ್ ಮಾಡೋಣವೆಂದು ಮಾತಾಡಿಕೊಂಡೆವು. ರಾಷ್ಟ್ರೀಯ ಉದ್ಯಾನದೊಳಗೆ ಒಂದು ಗೂಟ ನೆಡಲೂ ಇಲಾಖೆಯ ಅನುಮತಿ ಬೇಕು. ಮಾರ್ಗದರ್ಶಕರ ಸಹಿಯೊಂದಿಗೆ ಅರ್ಜಿ ಕಳಿಸಿದ್ದೇವೆ. ಗಣಿ ಕಂಪನಿಯ ಇಂಟರ್ನ್‌ಶಿಪ್ ಅರ್ಜಿಯ ಕೊನೆಯ ದಿನಕ್ಕೆ ಇನ್ನೂ ಎರಡು ವಾರ ಇದೆ. ಅದನ್ನೂ ಹಾಕುತ್ತೇನೇನೋ. ಹೂಳಿನ ಅಣೆಕಟ್ಟು ಒಡೆಯದಂತೆ ನೋಡಿಕೊಳ್ಳುವುದೂ ಯಾರೋ ಒಬ್ಬರು ಮಾಡಲೇಬೇಕಾದ ಕೆಲಸ.

ಸಂಜೆ ಐದಕ್ಕೆ ಮುಳ್ಳೋಡಿಗೆ ಇಳಿದಾಗ ಅಣ್ಣನ ಮನೆಯಲ್ಲಿ ಎಲ್ಲರಿಗೂ ಬೆಲ್ಲದ ಕಾಫಿ. ಶೂ ಬಿಚ್ಚಿದರೆ ಒಬ್ಬೊಬ್ಬರ ಕಾಲಲ್ಲೂ ಮೂರು ನಾಲ್ಕು ಇಂಬಳ. ಅಣ್ಣನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ, ಹಾಸ್ಟೆಲ್‌ನಿಂದ ರಜೆಗೆ ಬಂದಿದ್ದಳು. ಸಿಇಟಿ ಬಗ್ಗೆ ಅವಳ ಬಳಿ ದೊಡ್ಡ ಪಟ್ಟಿಯೇ ಇತ್ತು. ಸರ್ಕಾರಿ ಕಾಲೇಜಿನ ಫೀಸು ಎಷ್ಟು, ಎಸ್‌ಟಿ ಸರ್ಟಿಫಿಕೇಟ್ ಜತೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಸರ್ಟಿಫಿಕೇಟ್ ಬೇರೆ ಬೇರೆ ಮಾಡಿಸಬೇಕಾ, ಸಿವಿಲ್‌ನಲ್ಲಿ ಹುಡುಗಿಯರಿಗೆ ಕೆಲಸ ಸಿಗುತ್ತಾ. ಗೊತ್ತಿದ್ದಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ್ದನ್ನು ಓದಿದ ಶಾಲೆಗಳಿಂದ ಈಗಲೇ ತೆಗೆದಿಟ್ಟುಕೋ, ಕೊನೆಗೆ ಓಡಾಡಬೇಡ ಎಂದೆ.

ಹೊರಡುವ ಮುಂಚೆ ನಮ್ಮ ಬಲೆಯ ಯೋಜನೆ ಅಣ್ಣನಿಗೆ ವಿವರಿಸಿದೆವು. ಅನುಮತಿ ಸಿಕ್ಕರೆ ಮನೆಯ ಹಿಂದಿನ ದಿಬ್ಬದಲ್ಲಿ ಜಾಗ ತೋರಿಸುತ್ತೇನೆಂದರು. ದಿನಾ ಬೆಳಿಗ್ಗೆ ಡಬ್ಬದ ನೀರು ಅಳೆದು ಬರೆದಿಡುವವರು ಬೇಕಲ್ಲ ಎಂದಾಗ, ರಜೆಯಲ್ಲಿ ನಾನು ಬರೀತೀನಿ ಎಂದು ಮಗಳು ಒಳಗಿನಿಂದ ಕೂಗಿದಳು.

‘ಅವಳು ಹಾಸ್ಟೆಲ್‌ಗೆ ಹೋದ ಮೇಲೆ?’

‘ನಾನಿದ್ದೀನಲ್ಲ’ ಎಂದರು ಅಣ್ಣ. ‘ಲೀಟ್ರಲ್ಲಿ ಬರೀಬೇಕಾ, ಎಮ್ಮೆಲ್‌ನಲ್ಲಾ?’